ವೃಷಣದ ಸೋಂಕು: ಎಲ್ಲಿ ಆತುರ ಬೇಕು, ಎಲ್ಲಿ ತಾಳ್ಮೆ ಬೇಕು

ವೃಷಣದಲ್ಲಿ ನೋವು ಶುರುವಾದ ಗಂಡಸು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮುಟ್ಟಿ ನೋಡುತ್ತಾನೆ, ಹತ್ತು ನಿಮಿಷ ಬಿಟ್ಟು ಮತ್ತೆ ಮುಟ್ಟಿ ನೋಡುತ್ತಾನೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್‌ನಲ್ಲಿ ಹುಡುಕುತ್ತಾನೆ. ನಾನೂ ಹಾಗೆಯೇ ಮಾಡಿದೆ. ಎರಡು ದಿನ ಉಡಿಯಲ್ಲಿ ಕೆಂಡ ಕಟ್ಟಿಕೊಂಡವನಂತೆ ಓಡಾಡಿ, ಮೂರನೆಯ ದಿನ ಚಳಿಜ್ವರ ಬಂದ ಮೇಲೆ ವೈದ್ಯರ ಬಳಿ ಹೋದೆ. ಹತ್ತು ದಿನದ ಔಷಧದಲ್ಲಿ ನೋವು ಹೋಯಿತು. ಊತ ಇಳಿಯಲು ಒಂದೂವರೆ ತಿಂಗಳು ಹಿಡಿಯಿತು, ಭಯ ಇಳಿಯಲು ಅದಕ್ಕಿಂತ ಹೆಚ್ಚು. ಆ ದಿನಗಳಲ್ಲಿ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಾನು ವೈದ್ಯನಲ್ಲ. ನಿಮ್ಮನ್ನು ವೈದ್ಯರ ಬಳಿಗೆ ಸ್ವಲ್ಪ ಬೇಗ, ಸ್ವಲ್ಪ ಧೈರ್ಯವಾಗಿ ಕಳುಹಿಸುವುದಷ್ಟೇ ನನ್ನ ಉದ್ದೇಶ.

ಈ ಕಾಯಿಲೆಯಲ್ಲಿ ಹೆಚ್ಚಿನ ಸಂಕಟ ಹುಟ್ಟುವುದು ಕಾಲದ ಲೆಕ್ಕ ತಪ್ಪುವುದರಿಂದ. ಓಡಬೇಕಾದ ಮೊದಲ ಆರು ಗಂಟೆಯಲ್ಲಿ ನಾವು ಸುಮ್ಮನೆ ಕೂರುತ್ತೇವೆ. ಸುಮ್ಮನೆ ಕಾಯಬೇಕಾದ ಆರು ವಾರಗಳಲ್ಲಿ ಓಡಾಡಿ ಸುಸ್ತಾಗುತ್ತೇವೆ. ಆದ್ದರಿಂದ ಹೆಜ್ಜೆಗಳನ್ನು ಕಾಲಕ್ಕೆ ತಕ್ಕಂತೆ ಜೋಡಿಸಿದ್ದೇನೆ.

ಮೊದಲ ಹೆಜ್ಜೆ: ಇದು ತಿರುಚುವಿಕೆಯೇ ಎಂದು ಕೇಳಿಕೊಳ್ಳಿ

ಸೋಂಕಿನ ಮಾತು ಆಮೇಲೆ. ವೃಷಣಕ್ಕೆ ರಕ್ತ ತರುವ ನಾಳಗಳು ಒಂದು ಹಗ್ಗದಂಥ ಕಟ್ಟಿನಲ್ಲಿ ಕೆಳಗಿಳಿಯುತ್ತವೆ. ಕೆಲವೊಮ್ಮೆ ವೃಷಣ ತನ್ನ ಸುತ್ತಲೇ ತಿರುಗಿ ಆ ಕಟ್ಟು ಹುರಿಗೊಳ್ಳುತ್ತದೆ, ರಕ್ತ ನಿಲ್ಲುತ್ತದೆ. ಇದನ್ನು ವೈದ್ಯರು ಟಾರ್ಶನ್ ಎನ್ನುತ್ತಾರೆ. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಉಳಿಯುವ ಸಾಧ್ಯತೆ ತುಂಬಾ ಹೆಚ್ಚು. ಗಂಟೆಗಳು ಉರುಳಿದಂತೆ ಅದು ಇಳಿಯುತ್ತ ಹೋಗುತ್ತದೆ, ಒಂದು ದಿನ ಕಳೆದ ಮೇಲೆ ಉಳಿಯುವುದು ಅಪರೂಪ.

ಟಾರ್ಶನ್ ನೋವು ಹಠಾತ್ತನೆ ಬರುತ್ತದೆ. ಎಷ್ಟು ಗಂಟೆಗೆ ಶುರುವಾಯಿತು ಎಂದು ಹೇಳಲು ಸಾಧ್ಯವಾಗುವಷ್ಟು ಹಠಾತ್ತನೆ. ಅನೇಕರಿಗೆ ನಿದ್ದೆಯಿಂದ ಎಬ್ಬಿಸುತ್ತದೆ. ಹೊಟ್ಟೆ ತೊಳಸಿ ವಾಂತಿಯಾಗಬಹುದು. ಒಂದು ವೃಷಣ ಮೇಲಕ್ಕೆ ಎಳೆದುಕೊಂಡಂತೆ, ಅಡ್ಡಲಾಗಿ ಮಲಗಿದಂತೆ ಕಾಣಬಹುದು. ಸೋಂಕಿನ ನೋವಾದರೋ ಸಾಮಾನ್ಯವಾಗಿ ಮೆಲ್ಲಗೆ, ಕೆಲವು ಗಂಟೆಗಳಿಂದ ಒಂದೆರಡು ದಿನಗಳ ಅವಧಿಯಲ್ಲಿ ಏರುತ್ತದೆ. ಜೊತೆಗೆ ಉರಿಮೂತ್ರ, ಜ್ವರ, ಸ್ರಾವ ಇರಬಹುದು. ಆದರೆ ಈ ಗೆರೆಯನ್ನು ಮನೆಯಲ್ಲಿ ಕೂತು ಖಚಿತವಾಗಿ ಎಳೆಯಲು ಆಗುವುದಿಲ್ಲ. ವೃಷಣವನ್ನು ಕೈಯಿಂದ ಮೇಲೆತ್ತಿ ಹಿಡಿದಾಗ ನೋವು ಕಡಿಮೆಯಾದರೆ ಸೋಂಕು, ಇಲ್ಲವಾದರೆ ಟಾರ್ಶನ್ ಎಂಬ ಒಂದು ಹಳೆಯ ಪರೀಕ್ಷೆ ಅಲ್ಲಲ್ಲಿ ಓದಲು ಸಿಗುತ್ತದೆ. ಅದನ್ನು ನಂಬಿ ಮನೆಯಲ್ಲಿ ಉಳಿಯಬೇಡಿ, ಅದು ಮೋಸ ಮಾಡುತ್ತದೆ.

ನೋವು ಹಠಾತ್ತನೆ ಬಂದಿದ್ದರೆ, ಅಥವಾ ಹೇಗೆ ಬಂತೆಂದು ನಿಮಗೇ ಅನುಮಾನವಿದ್ದರೆ, ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ದಾರಿಯಲ್ಲಿ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಅರಿವಳಿಕೆ ಕೊಡಬೇಕಾಗಿ ಬರಬಹುದು. ಒಳಗೆ ಕಾಲಿಟ್ಟೊಡನೆ "ವೃಷಣದಲ್ಲಿ ಇಷ್ಟು ಗಂಟೆಗೆ ಇದ್ದಕ್ಕಿದ್ದಂತೆ ನೋವು ಶುರುವಾಯಿತು" ಎಂದು ನೇರವಾಗಿ ಹೇಳಿ. "ಕೆಳಹೊಟ್ಟೆ ನೋವು" ಎಂದು ಸುತ್ತಿ ಬಳಸಿ ಹೇಳಿದರೆ ನಿಮ್ಮ ಸರದಿ ಹಿಂದಕ್ಕೆ ಹೋಗುತ್ತದೆ. ನೋವು ಜೋರಾಗಿ ಬಂದು ತಾನಾಗಿಯೇ ಮಾಯವಾಗಿದ್ದರೂ ವೈದ್ಯರಿಗೆ ತೋರಿಸಲೇಬೇಕು. ತಿರುಚಿ ಬಿಚ್ಚಿಕೊಂಡ ವೃಷಣ ಮತ್ತೆ ತಿರುಚಬಹುದು.

ತಂದೆ ತಾಯಂದಿರಿಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಟಾರ್ಶನ್ ಹೆಚ್ಚಾಗಿ ಕಾಣುವುದು 12ರಿಂದ 18 ವರ್ಷದ ಹುಡುಗರಲ್ಲಿ. ಆ ವಯಸ್ಸಿನ ಹುಡುಗ ನಾಚಿಕೆಯಿಂದ "ಹೊಟ್ಟೆ ನೋವು" ಎಂದಷ್ಟೇ ಹೇಳಿ ಮುದುಡಿ ಮಲಗಬಹುದು. "ಕೆಳಗೆ ನೋಯುತ್ತಿದೆಯೇ, ಮಗನೇ?" ಎಂದು ಒಂದು ಸಲ ಮೆಲ್ಲಗೆ ಕೇಳಿ. ಆ ಒಂದು ಪ್ರಶ್ನೆಗೆ ಒಂದು ಅಂಗವನ್ನು ಉಳಿಸುವ ಶಕ್ತಿಯಿದೆ.

ಎರಡನೆಯ ಹೆಜ್ಜೆ: ನೋಯುತ್ತಿರುವುದು ಯಾವುದು ಎಂದು ತಿಳಿದುಕೊಳ್ಳಿ

ಪ್ರತಿ ವೃಷಣದ ಹಿಂಬದಿಗೆ ಒಂದು ಮೆತ್ತನೆಯ, ಹಗ್ಗದಂಥ ಸುರುಳಿ ಅಂಟಿಕೊಂಡಿರುತ್ತದೆ. ಅದರ ಹೆಸರು ಎಪಿಡಿಡಿಮಿಸ್. ಬಿಡಿಸಿ ಹಿಡಿದರೆ ಸುಮಾರು 6 ಮೀಟರ್ ಉದ್ದವಾಗುವ ಈ ಸಣ್ಣ ನಾಳದಲ್ಲಿ ವೀರ್ಯಾಣುಗಳು ಒಂದೆರಡು ವಾರ ಉಳಿದು ಬಲಿಯುತ್ತವೆ. ವಯಸ್ಕರಲ್ಲಿ ನಾವು ವೃಷಣದ ಸೋಂಕು ಎಂದು ಕರೆಯುವುದು ಹೆಚ್ಚಿನ ಸಲ ಇಲ್ಲಿಂದಲೇ ಶುರುವಾಗುತ್ತದೆ. ಬ್ಯಾಕ್ಟೀರಿಯಾಗಳು ಮೂತ್ರನಾಳದ ಕಡೆಯಿಂದ ವೀರ್ಯನಾಳದ ಮೂಲಕ ಹಿಮ್ಮುಖವಾಗಿ ಇಳಿದು ಈ ಸುರುಳಿಯನ್ನು ತಲುಪುತ್ತವೆ, ಅಲ್ಲಿಂದ ವೃಷಣಕ್ಕೂ ಹಬ್ಬುತ್ತವೆ. ಅದಕ್ಕೇ ನೋವು ಮೊದಲು ಹಿಂಬದಿಯಲ್ಲಿ, ಒಂದೇ ಕಡೆ ಕಾಣಿಸಿಕೊಂಡು ಆಮೇಲೆ ಇಡೀ ವೃಷಣ ಊದಿ ಬಿಸಿಯಾಗುತ್ತದೆ. ತೊಡೆಸಂದಿಗೂ ಕೆಳಹೊಟ್ಟೆಗೂ ಸೆಳೆತ ಹರಡಬಹುದು.

ಲೈಂಗಿಕವಾಗಿ ಸಕ್ರಿಯರಾಗಿರುವ, 35 ವರ್ಷಕ್ಕಿಂತ ಕಿರಿಯರಲ್ಲಿ ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಕ್ಲಮೈಡಿಯಾ ಮತ್ತು ಗೊನೊರಿಯಾ ಎಂಬ, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳು. ಹಿರಿಯರಲ್ಲಿ ಇ. ಕೋಲಿಯಂಥ, ಕರುಳಿನಿಂದ ಮೂತ್ರದ ದಾರಿಗೆ ಸೇರುವ ಬ್ಯಾಕ್ಟೀರಿಯಾಗಳು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಪೂರ್ತಿ ಖಾಲಿಯಾಗದವರಿಗೆ, ಇತ್ತೀಚೆಗೆ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿಸಿಕೊಂಡವರಿಗೆ, ಮೂತ್ರನಾಳದ ಶಸ್ತ್ರಚಿಕಿತ್ಸೆಯಾದವರಿಗೆ ಇದರ ಅಪಾಯ ಹೆಚ್ಚು. ವಯಸ್ಸಿನ ಈ ಗೆರೆ ಕಲ್ಲಿನ ಮೇಲೆ ಕೊರೆದದ್ದೇನೂ ಅಲ್ಲ, 50 ದಾಟಿದವರಿಗೂ ಲೈಂಗಿಕ ಸೋಂಕು ಬರುತ್ತದೆ.

ಬ್ಯಾಕ್ಟೀರಿಯಾ ಇಲ್ಲದೆ ವೃಷಣ ಮಾತ್ರ ಊದುವುದೂ ಉಂಟು. ಅದರ ಮುಖ್ಯ ಕಾರಣ ಮಂಗನಬಾವು. ಪ್ರೌಢರಾದ ಮೇಲೆ ಮಂಗನಬಾವು ಬಂದರೆ ಕೆನ್ನೆ ಊದಿದ ಸುಮಾರು 4ರಿಂದ 8 ದಿನಗಳ ನಂತರ ವೃಷಣವೂ ಊದಬಹುದು. ಅದು ವೈರಸ್ಸಿನ ಕೆಲಸವಾದ್ದರಿಂದ ಆಂಟಿಬಯಾಟಿಕ್ ಅಲ್ಲಿ ನಾಟುವುದಿಲ್ಲ. ವಿಶ್ರಾಂತಿ, ನೋವಿನ ಮಾತ್ರೆ, ಕಾಯುವಿಕೆ ಇಷ್ಟೇ. ಇನ್ನು ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತ ಹೋಗುವ, ಸಾಮಾನ್ಯ ಔಷಧಕ್ಕೆ ಜಗ್ಗದ ಎಪಿಡಿಡಿಮಿಸ್ ಊತಕ್ಕೆ ಕ್ಷಯರೋಗ ಕಾರಣವಾಗಿರಬಹುದು ಎಂಬುದನ್ನು ವೈದ್ಯರು ನೆನಪಿನಲ್ಲಿಟ್ಟುಕೊಳ್ಳುತ್ತಾರೆ. ಹಿಂದೆ ಕ್ಷಯ ಬಂದಿದ್ದರೆ ನೀವಾಗಿಯೇ ಹೇಳಿ.

ಹಸ್ತಮೈಥುನದಿಂದ ಈ ಸೋಂಕು ಬರುವುದಿಲ್ಲ. ಇದನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಎಷ್ಟೋ ಹುಡುಗರು ನೋವಿಗಿಂತ ಹೆಚ್ಚಾಗಿ ಆ ತಪ್ಪಿತಸ್ಥ ಭಾವದಲ್ಲಿ ಬೇಯುತ್ತಾರೆ.

ಮೂರನೆಯ ಹೆಜ್ಜೆ: ವೈದ್ಯರ ಮುಂದೆ ಪೂರ್ತಿ ಹೇಳಿ

ಟಾರ್ಶನ್ ಲಕ್ಷಣವಿಲ್ಲದಿದ್ದರೂ ಅದೇ ದಿನ ಅಥವಾ ಮರುದಿನ ವೈದ್ಯರನ್ನು ಕಾಣುವುದು ಒಳ್ಳೆಯದು. ಮೂತ್ರಾಂಗಗಳ ತಜ್ಞರಾದ ಯೂರಾಲಜಿಸ್ಟ್ ಸಿಕ್ಕರೆ ಸರಿ, ಸಿಗದಿದ್ದರೆ ಸಾಮಾನ್ಯ ವೈದ್ಯರೂ ಚಿಕಿತ್ಸೆ ಶುರುಮಾಡಬಲ್ಲರು. ತಜ್ಞರ ಸಮಯ ಮುಂದಿನ ವಾರ ಸಿಗುತ್ತದೆಂದು ಕಾಯುವುದು ಬೇಡ.

ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಾಚಿಕೆಯಲ್ಲಿ ಅರ್ಧ ಮರೆತುಹೋಗುತ್ತದೆ, ನನಗೆ ಹಾಗೆಯೇ ಆಯಿತು. ನೋವು ಯಾವಾಗ, ಯಾವ ಕಡೆ, ಹಠಾತ್ತನೆಯೋ ಮೆಲ್ಲಗೆಯೋ. ಜ್ವರ ಎಷ್ಟಿತ್ತು. ಮೂತ್ರ ಉರಿಯುತ್ತದೆಯೇ, ಪದೇ ಪದೇ ಹೋಗಬೇಕೆನಿಸುತ್ತದೆಯೇ, ಒಳಚಡ್ಡಿಯಲ್ಲಿ ಸ್ರಾವದ ಕಲೆ ಇತ್ತೇ. ಪೆಟ್ಟು ಬಿದ್ದಿತ್ತೇ. ಈಗಾಗಲೇ ಯಾವ ಮಾತ್ರೆ ನುಂಗಿದ್ದೀರಿ. ಸಕ್ಕರೆ ಕಾಯಿಲೆ ಇದೆಯೇ. ಯಾವ ಔಷಧ ಮೈಗೆ ಒಗ್ಗುವುದಿಲ್ಲ.

ಇವುಗಳಿಗಿಂತ ಹೇಳಲು ಕಷ್ಟವಾದದ್ದು ಇನ್ನೊಂದಿದೆ. ಇತ್ತೀಚೆಗೆ ಯಾರೊಂದಿಗೆ ಲೈಂಗಿಕ ಸಂಪರ್ಕವಾಗಿತ್ತು, ಹೊಸ ಸಂಗಾತಿಯೇ, ಕಾಂಡೋಮ್ ಇತ್ತೇ, ಗುದಮೈಥುನವೇ ಎಂಬ ಪ್ರಶ್ನೆಗಳು ಬರುತ್ತವೆ. ವೈದ್ಯರು ಇದನ್ನು ಕೇಳುವುದು ನಿಮ್ಮ ನಡತೆ ಅಳೆಯಲಿಕ್ಕಲ್ಲ. ಯಾವ ಬ್ಯಾಕ್ಟೀರಿಯಾ ಇರಬಹುದು ಎಂಬ ಊಹೆ ಈ ಉತ್ತರಗಳ ಮೇಲೆ ನಿಂತಿದೆ, ಔಷಧದ ಆಯ್ಕೆ ಆ ಊಹೆಯ ಮೇಲೆ ನಿಂತಿದೆ. ನೀವು ಮುಚ್ಚಿಟ್ಟರೆ ಅವರು ಬೇರೆ ಔಷಧ ಬರೆಯುತ್ತಾರೆ, ಅದು ಕೆಲಸ ಮಾಡುವುದಿಲ್ಲ, ಎರಡು ವಾರದ ನಂತರ ಅದೇ ಕುರ್ಚಿಯಲ್ಲಿ ಇನ್ನಷ್ಟು ಭಯದಿಂದ ಕೂತಿರುತ್ತೀರಿ. ಜೊತೆಗೆ ಬಂದವರ ಮುಂದೆ ಹೇಳಲಾಗದಿದ್ದರೆ "ಡಾಕ್ಟರೇ, ಒಂದು ನಿಮಿಷ ನಿಮ್ಮೊಬ್ಬರ ಜೊತೆ ಮಾತನಾಡಬೇಕು" ಎಂದರೆ ಸಾಕು. ಆ ಮಾತಿನ ಅರ್ಥ ಅವರಿಗೆ ತಿಳಿಯುತ್ತದೆ.

ಪರೀಕ್ಷೆ ಮಾಡುವಾಗ ವೈದ್ಯರು ಎರಡೂ ವೃಷಣಗಳನ್ನು, ತೊಡೆಸಂದನ್ನು, ಹೊಟ್ಟೆಯನ್ನು ಮುಟ್ಟಿ ನೋಡುತ್ತಾರೆ. ತೊಡೆಯ ಒಳಭಾಗವನ್ನು ಸವರಿ ವೃಷಣ ಮೇಲೇರುತ್ತದೆಯೇ ಎಂದು ಗಮನಿಸಬಹುದು. ಕೆಲವರಿಗೆ ಪ್ರಾಸ್ಟೇಟ್ ಪರೀಕ್ಷೆಯೂ ಬೇಕಾಗುತ್ತದೆ. ಎಲ್ಲ ಸೇರಿ ಐದು ನಿಮಿಷದ ಕೆಲಸ. ನಾನು ಎರಡು ದಿನ ಹೆದರಿದ್ದು ಆ ಐದು ನಿಮಿಷಕ್ಕೆ.

ನಾಲ್ಕನೆಯ ಹೆಜ್ಜೆ: ಪರೀಕ್ಷೆಗಳು, ಅವುಗಳ ಮಿತಿಗಳು

ಮುಖ್ಯವಾದದ್ದು ಮೂತ್ರ. ಕ್ಲಮೈಡಿಯಾ ಮತ್ತು ಗೊನೊರಿಯಾ ಹುಡುಕಲು ಮೂತ್ರದ ಮೊದಲ ಧಾರೆ ಬೇಕು, ಅದಕ್ಕೂ ಮುಂಚೆ ಕನಿಷ್ಠ ಒಂದು ಗಂಟೆ ಮೂತ್ರಕ್ಕೆ ಹೋಗಿರಬಾರದು. ಮೂತ್ರಕೋಶದ ಬ್ಯಾಕ್ಟೀರಿಯಾ ಹುಡುಕುವ ಕಲ್ಚರ್ ಪರೀಕ್ಷೆಗೆ ನಡುವಿನ ಧಾರೆ ಬೇಕು. ಎರಡು ಡಬ್ಬಿ ಕೊಟ್ಟರೆ ಯಾವುದು ಯಾವುದಕ್ಕೆ ಎಂದು ಕೇಳಿಕೊಳ್ಳಿ. ಸಾಧ್ಯವಾದರೆ ಆಂಟಿಬಯಾಟಿಕ್ ಶುರುಮಾಡುವ ಮೊದಲೇ ಮಾದರಿ ಕೊಡಿ. ಮನೆಯಲ್ಲಿ ಉಳಿದಿದ್ದ ಯಾವುದೋ ಮಾತ್ರೆಯನ್ನು ನಾಲ್ಕು ದಿನ ನುಂಗಿ ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಇರಬಹುದು, ಆಗ ವೈದ್ಯರಿಗೂ ಕತ್ತಲೆ. ಲೈಂಗಿಕ ಸೋಂಕಿನ ಶಂಕೆ ಇದ್ದರೆ ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆಯನ್ನೂ ಜೊತೆಗೇ ಬರೆಯುತ್ತಾರೆ. ಅದು ವಾಡಿಕೆಯ ಕ್ರಮ. ನಿಮ್ಮ ಮುಖ ನೋಡಿ ಅನುಮಾನಪಟ್ಟು ಬರೆದದ್ದೆಂದು ಎದೆಗುಂದಬೇಡಿ.

ಇನ್ನೊಂದು ಡಾಪ್ಲರ್ ಸ್ಕ್ಯಾನಿಂಗ್. ನೋವಿಲ್ಲದ, ವಿಕಿರಣವಿಲ್ಲದ ಪರೀಕ್ಷೆ, ಜೆಲ್ ಹಚ್ಚಿ ಮೇಲೆ ಸವರುತ್ತಾರೆ. ಸೋಂಕಿದ್ದರೆ ಆ ಭಾಗಕ್ಕೆ ರಕ್ತದ ಹರಿವು ಹೆಚ್ಚಿರುತ್ತದೆ, ಟಾರ್ಶನ್ ಇದ್ದರೆ ತಗ್ಗಿರುತ್ತದೆ ಅಥವಾ ನಿಂತಿರುತ್ತದೆ. ಕೀವು ಕಟ್ಟಿದೆಯೇ, ವೃಷಣದೊಳಗೆ ಗೆಡ್ಡೆ ಇದೆಯೇ ಎಂಬುದೂ ಇದರಲ್ಲಿ ಕಾಣುತ್ತದೆ. ಟಾರ್ಶನ್ ಬಗ್ಗೆ ಬಲವಾದ ಶಂಕೆಯಿದ್ದರೆ ಮಾತ್ರ ಸ್ಕ್ಯಾನಿಂಗ್‌ಗೆ ಕಾಯದೆ ಶಸ್ತ್ರಚಿಕಿತ್ಸೆಗೆ ಒಯ್ಯುತ್ತಾರೆ, ಅದು ಸರಿಯಾದ ನಿರ್ಧಾರ.

ವರದಿಯನ್ನು ಕೈಗೆ ಕೊಟ್ಟೊಡನೆ ಅದರ ಪ್ರತಿ ಪದವನ್ನು ಮೊಬೈಲ್‌ನಲ್ಲಿ ಹುಡುಕಲು ಕೂರಬೇಡಿ. ಸ್ಕ್ಯಾನಿಂಗ್ ವರದಿಯಲ್ಲಿ ಸ್ವಲ್ಪ ಹೈಡ್ರೋಸೀಲ್ (ವೃಷಣದ ಸುತ್ತ ನೀರು), ಸಣ್ಣ ಸಿಸ್ಟ್ (ನೀರುಗುಳ್ಳೆ), ವೆರಿಕೋಸೀಲ್ (ಉಬ್ಬಿದ ರಕ್ತನಾಳ) ಎಂಬ ಮಾತುಗಳು ಎಷ್ಟೋ ಆರೋಗ್ಯವಂತರ ವರದಿಯಲ್ಲೂ ಇರುತ್ತವೆ. ಸೋಂಕಿನ ಊತದಲ್ಲಿ ವೃಷಣದ ಸುತ್ತ ಒಂದಿಷ್ಟು ನೀರು ತುಂಬುವುದು ಸಹಜ. "ಇದರಲ್ಲಿ ನಾನು ಚಿಂತೆ ಮಾಡಬೇಕಾದದ್ದು ಯಾವುದು, ಬಿಡಬಹುದಾದದ್ದು ಯಾವುದು?" ಎಂದು ಬರೆದವರನ್ನೋ ಬರೆಯಿಸಿದವರನ್ನೋ ಕೇಳಿ. ಎಲ್ಲ ಮೂತ್ರಪರೀಕ್ಷೆಗಳೂ ಸರಿಯಾಗಿದ್ದು ಬ್ಯಾಕ್ಟೀರಿಯಾ ಸಿಗದೆ ಇರುವುದೂ ಅಪರೂಪವಲ್ಲ. ಸಿಗಲಿಲ್ಲವೆಂದ ಮಾತ್ರಕ್ಕೆ ಚಿಕಿತ್ಸೆ ತಪ್ಪು ಎಂದಾಗುವುದಿಲ್ಲ.

ಐದನೆಯ ಹೆಜ್ಜೆ: ಔಷಧವನ್ನು ಹೇಗೆ ನುಂಗಬೇಕೋ ಹಾಗೆ ನುಂಗಿ

ಕಲ್ಚರ್ ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಕಾಯದೆ ವೈದ್ಯರು ಚಿಕಿತ್ಸೆ ಶುರುಮಾಡುತ್ತಾರೆ. ಲೈಂಗಿಕ ಸೋಂಕಿನ ಶಂಕೆಯಿದ್ದರೆ ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಒಂದು ಸಲ, ಜೊತೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಹತ್ತು ದಿನ. ಮೂತ್ರದ ಬ್ಯಾಕ್ಟೀರಿಯಾ ಎನಿಸಿದರೆ ಲಿವೋಫ್ಲಾಕ್ಸಾಸಿನ್‌ನಂಥ ಮಾತ್ರೆ. ಪ್ರಮಾಣ ಮತ್ತು ಅವಧಿ ವೈದ್ಯರಿಗೆ ಬಿಟ್ಟದ್ದು. ನಾನು ಹೇಳಬೇಕಾದದ್ದು ನುಂಗುವ ರೀತಿಯ ಬಗ್ಗೆ, ಚೀಟಿಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ತುಂಬು ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲಿ ಅಂಟಿಕೊಂಡು ಸುಟ್ಟ ಹುಣ್ಣು ಮಾಡುತ್ತದೆ. ಹಾಲು, ಕಬ್ಬಿಣದ ಮಾತ್ರೆ, ಹೊಟ್ಟೆಯುರಿಯ ಆಂಟಾಸಿಡ್ ಇವುಗಳನ್ನು ಅದೇ ಹೊತ್ತಿಗೆ ತೆಗೆದುಕೊಂಡರೆ ಔಷಧ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ, ಕೆಲವು ಗಂಟೆ ಅಂತರವಿರಲಿ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಲಿವೋಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯಲು ಶುರುವಾದರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಇನ್ನೊಂದು ವಿಷಯ, ಇದನ್ನು ತಿಳಿಯದೆ ನರಳಿದವರು ಹಲವರು: ಈ ಗುಂಪಿನ ಮಾತ್ರೆಗಳೇ ಕೆಲವರಲ್ಲಿ ನಿದ್ರಾಹೀನತೆಯನ್ನೂ ಆತಂಕವನ್ನೂ ತರುತ್ತವೆ. ಮಾತ್ರೆ ಶುರುವಾದ ಮೇಲೆ ಮನಸ್ಸು ವಿಪರೀತ ತಳಮಳಿಸುತ್ತಿದ್ದರೆ ಅದು ನಿಮ್ಮ ದೌರ್ಬಲ್ಯವೆಂದುಕೊಳ್ಳದೆ ಔಷಧದ ಪರಿಣಾಮವೇ ಎಂದು ಕೇಳಿ.

ನಾಲ್ಕನೆಯ ದಿನಕ್ಕೆ ನೋವು ಇಲ್ಲವೆಂದು ಮಾತ್ರೆ ನಿಲ್ಲಿಸಬಾರದು. ಹಾಗೆಯೇ ಹತ್ತನೆಯ ದಿನವೂ ಊತವಿದೆಯೆಂದು ಅಂಗಡಿಯಿಂದ ಇನ್ನೊಂದು ಪಟ್ಟಿ ತಂದು ನುಂಗಬಾರದು.

ಮನೆಯಲ್ಲಿ ಮಾಡಬೇಕಾದದ್ದು ಸರಳ. ಮೊದಲ ಎರಡು ಮೂರು ದಿನ ಆದಷ್ಟು ಮಲಗಿರಿ. ಮಲಗಿದಾಗ ತೊಡೆಗಳ ನಡುವೆ ಮಡಿಸಿದ ಟವೆಲ್ ಇಟ್ಟು ವೃಷಣಚೀಲವನ್ನು ಅದರ ಮೇಲೆ ಎತ್ತರಿಸಿ, ಎದ್ದು ಓಡಾಡುವಾಗ ಬಿಗಿಯಾಗಿ ಆಧಾರ ಕೊಡುವ ಒಳಚಡ್ಡಿ ಧರಿಸಿ. ಜೋತುಬಿದ್ದ ತೂಕವೇ ಅರ್ಧ ನೋವು. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪ್ಯಾಕನ್ನು ಹತ್ತು ಹದಿನೈದು ನಿಮಿಷ ಇಡಿ, ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಐಬುಪ್ರೊಫೆನ್ ನೋವಿನ ಜೊತೆ ಉರಿಯೂತವನ್ನೂ ತಗ್ಗಿಸುತ್ತದೆ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಮತ್ತು ರಕ್ತ ತೆಳುಮಾಡುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಭಾರ ಎತ್ತುವುದು, ಓಟ, ಬೈಕ್ ಸವಾರಿ ನೋವು ಹೋಗುವವರೆಗೆ ಬೇಡ.

ಆರನೆಯ ಹೆಜ್ಜೆ: ಮೂರು ದಿನ ಮತ್ತು ಆರು ವಾರ

ಹೆಚ್ಚು ಜನ ಕಂಗಾಲಾಗುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಔಷಧ ಶುರುವಾದ 72 ಗಂಟೆಯೊಳಗೆ ಜ್ವರವೂ ನೋವೂ ಇಳಿಮುಖವಾಗಬೇಕು. ಪೂರ್ತಿ ಹೋಗಬೇಕೆಂದಿಲ್ಲ, ಇಳಿಯುವ ದಾರಿ ಹಿಡಿದಿರಬೇಕು. ಹಿಡಿಯದಿದ್ದರೆ ಮತ್ತೆ ವೈದ್ಯರ ಬಳಿಗೆ ಹೋಗಲೇಬೇಕು. ಔಷಧ ನಾಟದ ಬ್ಯಾಕ್ಟೀರಿಯಾ ಇರಬಹುದು, ಕೀವು ಕಟ್ಟಿರಬಹುದು, ಅಥವಾ ಮೊದಲ ರೋಗನಿರ್ಣಯವೇ ಸರಿಯಿಲ್ಲದಿರಬಹುದು.

ಕೆಲವು ಲಕ್ಷಣಗಳಿಗೆ ಮೂರು ದಿನವೂ ಕಾಯುವಂತಿಲ್ಲ. ಇಳಿದ ಜ್ವರ ಮತ್ತೆ ನಡುಕದೊಂದಿಗೆ ಏರುವುದು, ಮಾತ್ರೆ ನಿಲ್ಲದಷ್ಟು ವಾಂತಿ, ಮೂತ್ರ ಕಟ್ಟುವುದು. ವೃಷಣಚೀಲದ ಚರ್ಮ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು, ದುರ್ವಾಸನೆ, ಕಾಣುವ ಊತಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ನೋವು. ಚರ್ಮದ ಈ ಬದಲಾವಣೆ, ವಿಶೇಷವಾಗಿ ಸಕ್ಕರೆ ಕಾಯಿಲೆ ಇರುವವರಲ್ಲಿ, ಫೋರ್ನಿಯರ್ ಗ್ಯಾಂಗ್ರೀನ್ ಎಂಬ ಪ್ರಾಣಾಪಾಯದ ಸೋಂಕಿನ ಸೂಚನೆ. ಅಪರೂಪದ್ದು, ಆದರೆ ಗಂಟೆಗಳಲ್ಲಿ ಹಬ್ಬುತ್ತದೆ. ರಾತ್ರಿಯಾಗಿದ್ದರೂ ಹೊರಡಿ.

ಇನ್ನು ಊತದ ಮಾತು. ನೋವು ಹೋದ ಮೇಲೂ ಊತ ವಾರಗಟ್ಟಲೆ ಉಳಿಯುತ್ತದೆ. ಹಿಂಬದಿಯ ಸುರುಳಿ ಗಟ್ಟಿಯಾಗಿ, ಗಂಟುಗಂಟಾಗಿ ಕೈಗೆ ಸಿಗುತ್ತದೆ. ಮುಟ್ಟಿದರೆ ಮಂದವಾಗಿ ನೋಯುತ್ತದೆ. ಬ್ಯಾಕ್ಟೀರಿಯಾ ಸತ್ತರೂ ಅವು ಎಬ್ಬಿಸಿದ ಉರಿಯೂತವನ್ನು ದೇಹ ತನ್ನದೇ ವೇಗದಲ್ಲಿ ತೆರವು ಮಾಡಬೇಕು, ಆ ಕೆಲಸಕ್ಕೆ ಆಂಟಿಬಯಾಟಿಕ್ ನೆರವಾಗುವುದಿಲ್ಲ. ಆರು ವಾರ ಹಿಡಿಯುವುದು ಸಾಮಾನ್ಯ, ಕೆಲವರಿಗೆ ಎರಡು ಮೂರು ತಿಂಗಳು. ನನ್ನ ವೈದ್ಯರು ಮೊದಲ ದಿನವೇ ಇದನ್ನು ಹೇಳಿದ್ದರೆ ಹನ್ನೊಂದನೆಯ ದಿನದ ರಾತ್ರಿ ನಾನು ಅಷ್ಟು ಅಳುತ್ತಿರಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ಹನ್ನೊಂದನೆಯ ದಿನ ಊತವಿರುವುದು ಚಿಕಿತ್ಸೆ ಸೋತಿದ್ದರ ಗುರುತಲ್ಲ.

ಹಾಗಿದ್ದರೂ ಮರುಭೇಟಿ ತಪ್ಪಿಸಬೇಡಿ. ಚಿಕಿತ್ಸೆ ಮುಗಿದ ಮೇಲೆ ಊತ ಸ್ವಲ್ಪವೂ ಕುಗ್ಗದೆ ನಿಂತಿದ್ದರೆ ಮತ್ತೆ ಸ್ಕ್ಯಾನಿಂಗ್ ಬೇಕು.

ಏಳನೆಯ ಹೆಜ್ಜೆ: ಭಯಗಳನ್ನು ಒಂದೊಂದಾಗಿ ಹೊರಗೆ ತೆಗೆಯಿರಿ

ಇದು ಕ್ಯಾನ್ಸರ್ ಇರಬಹುದೇ? ಸೋಂಕು ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ವೃಷಣದ ಕ್ಯಾನ್ಸರ್ ಸಾಮಾನ್ಯವಾಗಿ ನೋವಿಲ್ಲದ ಗಟ್ಟಿ ಗಂಟಾಗಿ, ವೃಷಣದ ಒಳಗೇ ಕಾಣಿಸಿಕೊಳ್ಳುತ್ತದೆ. ಸೋಂಕಿನ ಗಂಟು ನೋಯುತ್ತದೆ, ಹೆಚ್ಚಾಗಿ ಹಿಂಬದಿಯ ಸುರುಳಿಯಲ್ಲಿರುತ್ತದೆ. ಕೆಲವು ಸಲ ಕ್ಯಾನ್ಸರ್ ಕೂಡ ನೋವಿನೊಂದಿಗೆ ಬಂದು ಸೋಂಕಿನಂತೆ ಕಾಣುವುದುಂಟು, ಆದ್ದರಿಂದಲೇ ಇಳಿಯದ ಊತಕ್ಕೆ ಸ್ಕ್ಯಾನಿಂಗ್ ಮತ್ತೆ ಬೇಕು ಎಂದದ್ದು. ಅಗತ್ಯವೆನಿಸಿದರೆ ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಮೂರು ಸೂಚಕಗಳನ್ನೂ ನೋಡುತ್ತಾರೆ. ಮತ್ತು ಈ ಕ್ಯಾನ್ಸರ್ ಬಹುಪಾಲು ಜನರಲ್ಲಿ ಪೂರ್ತಿ ಗುಣವಾಗುವಂಥದ್ದು. ಸ್ಕ್ಯಾನಿಂಗ್‌ನಲ್ಲಿ ವೃಷಣ ಸರಿಯಾಗಿದೆ ಎಂದು ಬಂದಿದ್ದರೆ ಆ ಭಯವನ್ನು ಅಲ್ಲಿಗೇ ಇಳಿಸಿ. ಆರೋಗ್ಯವಂತರಲ್ಲೂ ಹಿಂಬದಿಯ ಸುರುಳಿ ಕೈಗೆ ಸಿಗುತ್ತದೆ, ಮೊದಲ ಬಾರಿ ಮುಟ್ಟಿ ನೋಡಿದವರು ಅದನ್ನೇ ಗೆಡ್ಡೆ ಎಂದು ಬೆಚ್ಚುತ್ತಾರೆ. ಎರಡು ವೃಷಣಗಳು ಸಮನಾಗಿರುವುದಿಲ್ಲ, ಬಹಳಷ್ಟು ಜನರಲ್ಲಿ ಎಡಗಡೆಯದು ಸ್ವಲ್ಪ ಕೆಳಗೆ ಜೋತಿರುತ್ತದೆ.

ಮಕ್ಕಳಾಗುವುದಿಲ್ಲವೇ? ಒಂದು ಕಡೆಯ ಸೋಂಕಿಗೆ ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ಹೆಚ್ಚಿನವರಿಗೆ ಈ ತೊಂದರೆ ಬರುವುದಿಲ್ಲ. ಮಕ್ಕಳಾಗಲು ಆರೋಗ್ಯವಾದ ಒಂದು ವೃಷಣ ಸಾಕು. ಎರಡೂ ಕಡೆ ಸೋಂಕಾಗಿ ನಾಳ ಮುಚ್ಚಿಹೋದರೆ ಅಥವಾ ಚಿಕಿತ್ಸೆ ತಡವಾದರೆ ಅಪಾಯ ಹೆಚ್ಚು. ಮಂಗನಬಾವಿನ ನಂತರ ವೃಷಣ ಸ್ವಲ್ಪ ಕುಗ್ಗಬಹುದು, ಆದರೆ ಪೂರ್ತಿ ಬಂಜೆತನ ಅಪರೂಪ. ಇಲ್ಲಿಯೂ ಕಾಲದ ಲೆಕ್ಕ ಮುಖ್ಯ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಆಮೇಲೆ ಸುರುಳಿಯ ದಾರಿ ಸವೆಸಲು ಒಂದೆರಡು ವಾರ. ಜ್ವರ ಮತ್ತು ಸೋಂಕಿನ ದಿನಗಳಲ್ಲಿ ರೂಪುಗೊಂಡವು ಮುಂದಿನ ಮೂರು ತಿಂಗಳು ಹೊರಬರುತ್ತಲೇ ಇರುತ್ತವೆ. ಆದ್ದರಿಂದ ಗುಣವಾದ ಮರುವಾರವೇ ವೀರ್ಯಪರೀಕ್ಷೆ ಮಾಡಿಸಿ ಕಡಿಮೆ ಸಂಖ್ಯೆ ನೋಡಿ ಕುಸಿಯಬೇಡಿ. ಮೂರು ತಿಂಗಳು ಕಳೆಯಲಿ. ಮಾದರಿ ಕೊಡುವ ಮೊದಲು 2ರಿಂದ 7 ದಿನ ವೀರ್ಯಸ್ಖಲನವಾಗಿರಬಾರದು.

ಸಂಗಾತಿಗೆ ಹೇಗೆ ಹೇಳುವುದು? ಲೈಂಗಿಕ ಸೋಂಕು ಎಂದು ತಿಳಿದುಬಂದರೆ ಹೇಳಲೇಬೇಕು. ಲಕ್ಷಣ ಶುರುವಾಗುವ ಹಿಂದಿನ 60 ದಿನಗಳಲ್ಲಿ ಸಂಪರ್ಕವಾದವರಿಗೂ ಪರೀಕ್ಷೆ ಮತ್ತು ಚಿಕಿತ್ಸೆ ಬೇಕು. ಮಹಿಳೆಯರಲ್ಲಿ ಕ್ಲಮೈಡಿಯಾ ಸದ್ದಿಲ್ಲದೆ ಉಳಿದು ಗರ್ಭನಾಳಗಳಿಗೆ ಹಾನಿ ಮಾಡುತ್ತದೆ. ಇಬ್ಬರ ಚಿಕಿತ್ಸೆಯೂ ಮುಗಿದು ನಿಮ್ಮ ನೋವು ಹೋಗುವವರೆಗೆ ಸಂಭೋಗ ಬೇಡ, ಇಲ್ಲವಾದರೆ ಸೋಂಕು ಚೆಂಡಿನಂತೆ ಅತ್ತಿಂದಿತ್ತ ಓಡಾಡುತ್ತದೆ. ಮನೆ ಮುರಿಯುವ ಮಾತು ಬರುವ ಮೊದಲು ಇಬ್ಬರೂ ಒಂದು ಸಂಗತಿ ತಿಳಿದಿರಬೇಕು: ಕ್ಲಮೈಡಿಯಾ ಯಾವ ಲಕ್ಷಣವೂ ಇಲ್ಲದೆ ತಿಂಗಳುಗಟ್ಟಲೆ ದೇಹದಲ್ಲಿರಬಲ್ಲದು. ಈಗ ಪತ್ತೆಯಾಯಿತೆಂದರೆ ಈಗಲೇ ಯಾರೋ ತಪ್ಪು ಮಾಡಿದ್ದಾರೆ ಎಂದರ್ಥವಲ್ಲ. "ನನಗೆ ಒಂದು ಸೋಂಕು ಸಿಕ್ಕಿದೆ, ಔಷಧದಿಂದ ಹೋಗುತ್ತದೆ, ನೀನೂ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ, ಜೊತೆಗೇ ಹೋಗೋಣ" ಎಂಬಷ್ಟರಿಂದ ಮಾತು ಶುರುವಾಗಲಿ. ಮೂತ್ರದ ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಸಂಗಾತಿಗೆ ಚಿಕಿತ್ಸೆಯ ಅಗತ್ಯವಿರುವುದಿಲ್ಲ.

ಎಂಟನೆಯ ಹೆಜ್ಜೆ: ಕೈಯನ್ನು ದೂರವಿಡಿ

ಗುಣವಾಗುವ ದಿನಗಳಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ನನ್ನದೇ ಬೆರಳುಗಳು. ಇಳಿಯಿತೇ, ಇನ್ನೂ ಇದೆಯೇ ಎಂದು ದಿನಕ್ಕೆ ಇಪ್ಪತ್ತು ಸಲ ಅದುಮಿ ನೋಡುತ್ತಿದ್ದೆ. ಊದಿದ ಅಂಗವನ್ನು ಅಷ್ಟು ಸಲ ಅದುಮಿದರೆ ನೋಯದೆ ಇರುತ್ತದೆಯೇ? ನೋಯಿತೆಂದು ಭಯ, ಭಯಕ್ಕೆ ಮತ್ತೆ ಅದುಮುವುದು. ಈ ಸುಳಿಯಿಂದ ಹೊರಬರಲು ಒಂದು ನಿಯಮ ಮಾಡಿಕೊಂಡೆ. ದಿನಕ್ಕೆ ಒಂದೇ ಸಲ, ಸ್ನಾನದ ಹೊತ್ತಿನಲ್ಲಿ, ಹಗುರವಾಗಿ. ನೋವಿಗೆ ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿ ಬರೆದಿಡುವುದು. ಇಂದಿನದನ್ನು ನಿನ್ನೆಯದಕ್ಕೆ ಹೋಲಿಸದೆ ಹೋದ ವಾರದ ಇದೇ ದಿನಕ್ಕೆ ಹೋಲಿಸುವುದು. ದಿನದಿಂದ ದಿನಕ್ಕೆ ಏರಿಳಿತವಿತ್ತು, ವಾರದಿಂದ ವಾರಕ್ಕೆ ಇಳಿತ ಮಾತ್ರ ಕಾಣುತ್ತಿತ್ತು. ಎರಡು ವಾರದ ನಂತರ ವಾರಕ್ಕೊಮ್ಮೆ ನೋಡಿದೆ. ಪೂರ್ತಿ ಗುಣವಾದ ಮೇಲೆ ತಿಂಗಳಿಗೊಮ್ಮೆ, ಬಿಸಿನೀರಿನ ಸ್ನಾನದ ನಂತರ ಪರೀಕ್ಷಿಸಿಕೊಂಡರೆ ಸಾಕು.

ಭಯಕ್ಕೂ ಆ ಅಂಗಕ್ಕೂ ದೇಹದಲ್ಲೇ ಒಂದು ನಂಟಿದೆ. ವೃಷಣವನ್ನು ಮೇಲಕ್ಕೆಳೆಯುವ ಒಂದು ತೆಳು ಸ್ನಾಯುವಿದೆ, ಚಳಿಯಾದಾಗಲೂ ಹೆದರಿದಾಗಲೂ ಅದು ಬಿಗಿಯುತ್ತದೆ. ಆಗ ವೃಷಣ ಮೇಲೇರಿ ಎಳೆದಂತಾಗುತ್ತದೆ, ಅದನ್ನು ನೋಡಿ ಇನ್ನಷ್ಟು ಹೆದರುತ್ತೇವೆ. ಸೊಂಟದ ಕೆಳಭಾಗದ ಸ್ನಾಯುಗಳೂ ಆತಂಕದಲ್ಲಿ ಗಂಟೆಗಟ್ಟಲೆ ಬಿಗಿದಿರುತ್ತವೆ, ಆ ಬಿಗಿತದ ನೋವು ವೃಷಣದಲ್ಲೇ ಇದ್ದಂತೆ ಅನ್ನಿಸುತ್ತದೆ. ಮಲಗಿ, ಮೊಣಕಾಲು ಮಡಿಸಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು ಅದಕ್ಕಿಂತ ನಿಧಾನವಾಗಿ ಬಿಡಿ. ಹತ್ತು ನಿಮಿಷದಲ್ಲಿ ನೋವು ತಗ್ಗಿದರೆ ಅದರಲ್ಲಿ ಸ್ನಾಯುವಿನ ಪಾಲು ಇತ್ತೆಂದು ತಿಳಿಯುತ್ತದೆ.

ಮನೆಯಲ್ಲಿ ಒಬ್ಬರಿಗೆ ಹೇಳಿ. ಹೆಂಡತಿಯೋ, ಅಣ್ಣನೋ, ಹಳೆಯ ಗೆಳೆಯನೋ. ನಾನು ಅಣ್ಣನಿಗೆ ಹೇಳಿದೆ. "ನನಗೂ ಬಂದಿತ್ತು ಕಣೋ, ಯಾರಿಗೆ ಹೇಳುವುದು ಎಂದು ಸುಮ್ಮನಿದ್ದೆ" ಎಂದ. ಒಂದೇ ಮನೆಯಲ್ಲಿ ಇಬ್ಬರು ಒಂದೇ ಭಯವನ್ನು ಬೇರೆ ಬೇರೆಯಾಗಿ ನುಂಗಿದ್ದೆವು.

ಎರಡು ವಾರ ಕಳೆದರೂ ನಿದ್ದೆ ಬರದೆ, ಕೆಲಸ ಮಾಡಲಾಗದೆ, ಸರಿಯಾದ ವರದಿಗಳನ್ನೂ ನಂಬಲಾಗದೆ ವೈದ್ಯರಿಂದ ವೈದ್ಯರಿಗೆ ಅಲೆಯುತ್ತಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬದುಕೇ ಬೇಡವೆನಿಸಿದರೆ ಅಂದೇ ಕಾಣಿ.

ಮೂರು ತಿಂಗಳ ನಂತರವೂ ಉಳಿದರೆ

ಸ್ವಲ್ಪ ಜನರಿಗೆ ನೋವು ಮೂರು ತಿಂಗಳು ದಾಟಿಯೂ ಉಳಿಯುತ್ತದೆ. ಆಗ ಪುರಾವೆ ಇಲ್ಲದೆ ಒಂದಾದ ಮೇಲೊಂದು ಆಂಟಿಬಯಾಟಿಕ್ ನುಂಗುವುದರಿಂದ ಲಾಭವಿಲ್ಲ. ಯೂರಾಲಜಿಸ್ಟ್ ಹೊಸದಾಗಿ ಪರಿಶೀಲಿಸಬೇಕು: ಕ್ಷಯ, ಪ್ರಾಸ್ಟೇಟ್ ಸೋಂಕು, ಹರ್ನಿಯಾ, ಮೂತ್ರದ ಕಲ್ಲು, ಬೆನ್ನಿನ ನರ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳದಲ್ಲಿ ಕಲ್ಲಿದ್ದರೂ ನೋವು ವೃಷಣಕ್ಕೆ ಇಳಿಯಬಹುದು. ಯಾವುದೂ ಸಿಗದಿದ್ದರೆ ಸ್ನಾಯು ಸಡಿಲಿಸುವ ಫಿಸಿಯೋಥೆರಪಿ, ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಕೂರುವುದು, ನರದ ನೋವಿಗೆ ಕೊಡುವ ಮಾತ್ರೆಗಳು ಹಲವರಿಗೆ ನೆರವಾಗುತ್ತವೆ. ಶಸ್ತ್ರಚಿಕಿತ್ಸೆಯ ಮಾತು ಎಲ್ಲಕ್ಕಿಂತ ಕೊನೆಗೆ. ಯಾರಾದರೂ ಮೊದಲ ಭೇಟಿಯಲ್ಲೇ ಅದನ್ನು ಎತ್ತಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ.

ಕ್ಲಮೈಡಿಯಾ ಅಥವಾ ಗೊನೊರಿಯಾ ಪತ್ತೆಯಾಗಿದ್ದವರು ಲಕ್ಷಣವಿಲ್ಲದಿದ್ದರೂ ಚಿಕಿತ್ಸೆಯಾದ ಮೂರು ತಿಂಗಳಿಗೆ ಮತ್ತೊಮ್ಮೆ ಮೂತ್ರಪರೀಕ್ಷೆ ಮಾಡಿಸಬೇಕು, ಮರುಸೋಂಕು ಸಾಮಾನ್ಯ. ಆ ತಾರೀಖನ್ನು ಇಂದೇ ಮೊಬೈಲ್‌ನಲ್ಲಿ ಗುರುತು ಹಾಕಿಡಿ. ವೀರ್ಯಪರೀಕ್ಷೆ ಬೇಕೆನಿಸಿದರೆ ಅದನ್ನೂ ಅದೇ ವಾರಕ್ಕೆ ಇಟ್ಟುಕೊಳ್ಳಬಹುದು.